ಕಾಟಾದ ಮೇಲೆ ನಾನು

ಇಪ್ಪತ್ತೆರಡು ವರ್ಷಗಳಿಂದ ಕಂಡವರ ಲಾರಿಗಳನ್ನೆಲ್ಲ ತೂಗಿದ ನಾನು ಒಂದು ಸಲವೂ ನನ್ನನ್ನು ತೂಗಿಕೊಂಡಿರಲಿಲ್ಲ. ದಾಂಡೇಲಿಯ ಹೊರಗೆ ಲಾರಿ ತೂಗುವ ಒಂದು ಕಾಟಾ ಇದೆ. ಅದರ ಪಕ್ಕದ ಕೋಣೆಯಲ್ಲಿ ಕೂತು ಚೀಟಿ ಬರೆಯುವುದು ನನ್ನ ಕೆಲಸ. ಕೋಣೆಗೆ ಇರುವುದು ನಾಲ್ಕೇ ಮೆಟ್ಟಿಲು. ಹೋದ ವರ್ಷ ಆ ನಾಲ್ಕನ್ನು ಹತ್ತುವಾಗ ಮೊಣಕಾಲು ಒಣಗಿದ ಬಿದಿರಿನಂತೆ ಕಟಕಟ ಎನ್ನತೊಡಗಿತು.

ಡಾಕ್ಟರು ತೂಗಿದರು. ತೊಂಬತ್ತೊಂದು ಕಿಲೋ. "ದಿನಕ್ಕ ಸಾವಿರದ ಎಂಟುನೂರು ಕ್ಯಾಲೊರಿ. ಹೆಚ್ಚೂ ಬ್ಯಾಡ, ಕಡಿಮೀನೂ ಬ್ಯಾಡ. ಆರು ತಿಂಗಳದಾಗ ತೂಕ ಇಳೀಲಿಲ್ಲಂದ್ರ ಮೊಣಕಾಲಿನ ಆಪರೇಶನ್‌ಗೆ ಬರ್ರಿ" ಎಂದರು. ಸೂಜಿ ಕಂಡರೇ ಕಣ್ಣು ಮುಚ್ಚಿಕೊಳ್ಳುವವನಿಗೆ ಕತ್ತರಿಯ ಮಾತು! ಅತಿ ಆಸೆ ಗತಿಗೇಡು ಎಂದು ಊರಿಗೆಲ್ಲ ಹೇಳುವ ನಾನು, ಸಾವಿರದ ಎಂಟುನೂರರಲ್ಲಿ ಸಾವಿರವನ್ನು ಕಿತ್ತುಹಾಕಿ ಬರೀ ಎಂಟುನೂರನ್ನು ಇಟ್ಟುಕೊಂಡೆ. ಬೇಗ ಮುಗಿದುಹೋಗಲಿ ಎಂದು.

"ಎಂಟು ರೊಟ್ಟಿ ತಿನ್ನಾವ್ರು ಎರಡಕ್ಕ ಬಂದ್ರ, ನಾ ಇನ್ನ ರೊಟ್ಟಿ ಯಾರಿಗಿ ಬಡೀಲಿ?" ಎಂದಳು ಹೆಂಡತಿ ಶಾಂತಾ. ನಾನು ಎರಡನೆಯ ರೊಟ್ಟಿಯ ಚೂರುಗಳನ್ನು ಎಣಿಸಿ ತಿಂದೆ.

ಉಪವಾಸ ಶುರುಮಾಡುವ ಮುನ್ನ ಲಾರಿ ಕಾಟಾದ ಮೇಲೆ ನಿಂತಿದ್ದೆ. ನೂರು ಎಂದಿತ್ತು. ಡಾಕ್ಟರರ ಕಾಟಾ ಸಣ್ಣದು, ಅದಕ್ಕೇನು ಗೊತ್ತು ಎಂದುಕೊಂಡೆ. ಹತ್ತು ದಿನದ ಮೇಲೆ ಮತ್ತೆ ನಿಂತೆ. ಎಂಬತ್ತು! ಹತ್ತು ದಿನಕ್ಕೆ ಇಪ್ಪತ್ತು ಕಿಲೋ! ಅವತ್ತೇ ಶಾಂತಾ ಹೋಳಿಗೆ ಮಾಡಿದಳು. ತುಪ್ಪ ಸುರಿದುಕೊಂಡು ಆರು ತಿಂದೆ. ಮರುದಿನ ಕಾಟಾ ಮತ್ತೆ ನೂರು ಎಂದಿತು.

ಲಾರಿ ತೂಗಿಸಲು ಬಂದಿದ್ದ ಹಳಿಯಾಳದ ಡ್ರೈವರ್ ಮಲ್ಲಪ್ಪ ನನ್ನ ಗೋಳು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕ. "ಸಾಹೇಬ್ರ, ಈ ಕಾಟಾ ಇಪ್ಪತ್ತಿಪ್ಪತ್ತು ಕಿಲೋದ್ಲೆ ಎಣಸ್ತೈತಿ, ನಡುವಿಂದು ಅದಕ್ಕ ಕಾಣಂಗಿಲ್ಲ ಅಂತ ನಮಗ ದಿನಾ ಹೇಳಾವ್ರು ನೀವ ಅಲ್ಲೇನ್ರಿ?"

ಹೌದಲ್ಲ! ತೊಂಬತ್ತೊಂದು ಇದ್ದರೆ ಅದು ನೂರು ಎನ್ನುತ್ತದೆ, ಎಂಬತ್ತೊಂಬತ್ತಾದರೆ ಎಂಬತ್ತು ಎನ್ನುತ್ತದೆ. ನಾನು ಇಳಿದದ್ದು ಎರಡು ಕಿಲೋ, ಅದನ್ನೂ ಹೋಳಿಗೆ ವಾಪಸು ತಂದಿತ್ತು. ಇಪ್ಪತ್ತೆರಡು ವರ್ಷ ಈ ಪಾಠ ಹೇಳಿದವನು ತನ್ನ ಹೊಟ್ಟೆಯ ವಿಷಯ ಬಂದಾಗ ಮರೆತಿದ್ದ. ನಿಜಕ್ಕೂ ನಾಚಿಕೆಯಾಯಿತು.

ಮಲ್ಲಪ್ಪ ಚಹಾ ಕುಡಿಯುತ್ತ ಹೇಳಿದ: "ಅಣಶಿ ಘಾಟ್ ಇಳಿಯಾಗ ನಾವು ಬ್ರೇಕ್ ಮ್ಯಾಲೆ ಕಾಲಿಟ್ಟು ಕುಂದ್ರಂಗಿಲ್ರಿ. ಬ್ರೇಕ್ ಕಾದು ಕೈ ಕೊಡ್ತೈತಿ. ಸಣ್ಣ ಗೇರಿಗೆ ಹಾಕಿ ಸಾವಕಾಶ ಇಳೀತೇವಿ."

ಡಾಕ್ಟರು ಹೇಳಿದ್ದೂ ಅದನ್ನೇ. ಆದರೆ ಅವರು ಲಾರಿಯ ಭಾಷೆಯಲ್ಲಿ ಹೇಳಿರಲಿಲ್ಲ. ಸಾವಿರದ ಎಂಟುನೂರಕ್ಕೆ ಮರಳಿದೆ. ಪಲ್ಯ, ಬೇಳೆ, ಮೊಸರು ಎಲ್ಲವನ್ನೂ ಲೆಕ್ಕ ಹಾಕಿದರೆ ದಿನಕ್ಕೆ ಐದು ರೊಟ್ಟಿಗೆ ಜಾಗವಿತ್ತು. ಕಷ್ಟವಿದ್ದದ್ದು ಆರನೆಯದರಲ್ಲಿ. ನಮ್ಮ ಕಡೆ ಉಣ್ಣುವವನು "ಸಾಕು" ಎಂದರೆ ಬಡಿಸುವವರು "ಅರ್ಧಾರೆ ಹಾಕ್ಕೋರಿ" ಎನ್ನಲೇಬೇಕು. ಆ ಅರ್ಧ ಮುಗಿಯುವಷ್ಟರಲ್ಲಿ ಉಳಿದರ್ಧ ಬಂದು ಬೀಳುತ್ತದೆ. ಐದೇ ಮಾಡು ಎಂದು ಶಾಂತಾಳಿಗೆ ಕೈ ಮುಗಿದೆ. ಐದೇ ಮಾಡಿದಳು, ಒಂದೊಂದೂ ತಾಟಿನ ಅಂಚು ದಾಟಿತ್ತು. ಕಡೆಗೆ ಅಡುಗೆಮನೆಗೂ ಒಂದು ಸಣ್ಣ ಕಾಟಾ ತಂದು ಹಿಟ್ಟಿನ ಉಂಡೆಗಳನ್ನೇ ತೂಗಿದೆ. ಆ ವಾರ ಅವಳು ನನ್ನೊಡನೆ ಮಾತಾಡಿದ್ದು ಕಡಿಮೆ.

ಮೊನ್ನೆ ಆರು ತಿಂಗಳು ತುಂಬಿತು. ಡಾಕ್ಟರರ ಕಾಟಾ ಎಂಬತ್ತಮೂರು ಎಂದಿತು. "ಆಪರೇಶನ್ ಬ್ಯಾಡ, ಹಿಂಗ ನಡಸ್ರಿ" ಎಂದು ಅವರು ಅಂದಾಗ ಕುಣಿಯಬೇಕೆನಿಸಿತು. ಸುಮ್ಮನೆ ಹೋಗಿ ಲಾರಿ ಕಾಟಾದ ಮೇಲೂ ನಿಂತೆ. ಎಂಬತ್ತು ಎಂದಿತು.

"ಆವತ್ತೂ ಎಂಬತ್ತ ಇತ್ತಲ್ರೀ?" ಎಂದಳು ಶಾಂತಾ, ಮನೆಗೆ ಬಂದು ಹೇಳಿದಾಗ. ಆದರೂ ಹೂರಣ ರುಬ್ಬಿದಳು. ತಾಟಿಗೆ ಒಂದು ಹೋಳಿಗೆ ಬಿತ್ತು. ನಾನು ಕಾದೆ. "ಅರ್ಧಾರೆ" ಎಂದು ಅವಳು ಅನ್ನಲೇ ಇಲ್ಲ. ಆವತ್ತಿನ ಆರನ್ನು ಮುಗಿಸಿದ್ದಕ್ಕಿಂತ ಹೆಚ್ಚು ಹೊತ್ತು ಕೂತು ಆ ಒಂದನ್ನು ತಿಂದೆ.