ಬನಶಂಕರಿಯ ವಸ್ತಿ ಗಾಡಿ

ಬೆಟಗೇರಿಯ ನೇಕಾರ ಓಣಿಯಲ್ಲಿ ಬರೀ ಬನಶಂಕರಿ ಅಂದರೆ ಯಾರೂ ಮನೆ ತೋರಿಸುವುದಿಲ್ಲ. ಶಾಲಿ ಗಾಡಿ ಬನಶಂಕರಿ ಅನ್ನಬೇಕು. ಹದಿನೆಂಟು ವರ್ಷ ಆಕೆ ಓಣಿಯ ಮಕ್ಕಳನ್ನು ತುಂಬಿಕೊಂಡು ಗದಗಿನಾಚೆಯ ಶಾಲೆಗೆ ಬಿಟ್ಟು, ಸಂಜೆ ಮತ್ತೆ ತಂದು ಮನೆಮನೆಗೆ ಇಳಿಸಿದವಳು. ಮೊದಲು ಓಮ್ನಿ, ಆಮೇಲೆ ಹಳದಿ ಬಣ್ಣದ ಟೆಂಪೋ ಟ್ರಾವೆಲರ್.

ಗಾಡಿ ಅವಳ ಗಂಡ ಮಾಂತೇಶ ಶುರುಮಾಡಿದ್ದು. ಕೈಮಗ್ಗ ನಿಂತಮೇಲೆ ಹೊಟ್ಟೆಪಾಡಿಗೆ ಅಂತ ಓಮ್ನಿ ತಂದ. ಎರಡು ವರ್ಷದಲ್ಲಿ ಸಕ್ಕರೆ ಕಾಯಿಲೆ ಅವನ ಕಣ್ಣು ತಿಂದಿತು. ಮನೆಯ ಮುಂದೆ ನಿಂತ ಗಾಡಿಯನ್ನು ನಾಲ್ಕು ದಿನ ನೋಡಿದ ಬನಶಂಕರಿ ಐದನೆಯ ದಿನ ಗದಗಿಗೆ ಹೋಗಿ ಡ್ರೈವಿಂಗ್ ಕಲಿಯಲು ಹೆಸರು ಹಚ್ಚಿದಳು. ಆಗ ಅವಳಿಗೆ ಮೂವತ್ತೆಂಟು. 'ಸೀರಿ ಉಟಗೊಂಡು ಸ್ಟೇರಿಂಗ್ ಹಿಡೀತಾಳಂತ' ಎಂದು ಭಾವ ಗೋಪಣ್ಣ ಕಟ್ಟೆಯ ಮೇಲೆ ಕೂತು ನಕ್ಕಿದ್ದ. ನಕ್ಕವರ ಮೊಮ್ಮಕ್ಕಳೆಲ್ಲ ಅದೇ ಗಾಡಿಯಲ್ಲಿ ಓದಿ ದೊಡ್ಡವರಾದರು. ಮಾಂತೇಶ ತೀರಿಕೊಂಡ ಎಂಟನೆಯ ದಿನಕ್ಕೆ ಆಕೆ ಮತ್ತೆ ಗಾಡಿ ತೆಗೆದಳು. ಅದಕ್ಕೂ ಓಣಿ ಮಾತಾಡಿತು. 'ಪರೀಕ್ಷಾ ನಡದಾವು, ಹುಡುಗರು ಎದರಾಗ ಹೋಗಬೇಕು?' ಎಂದು ಒಂದೇ ಮಾತು ಕೇಳಿ ಕೀಲಿ ತಿರುವಿದ್ದಳು.

ಅವಳಿಗೆ ಐವತ್ತಾರು ತುಂಬಿದ ವರ್ಷ ಶಾಲೆಯವರು ತಮ್ಮದೇ ಬಸ್ಸು ತಂದರು. ಗಾಡಿಗೆ ಕೆಲಸ ತಪ್ಪಿತು. ವಾರ ಕಳೆಯುವುದರೊಳಗೆ ಗೋಪಣ್ಣ ಹೊಂಬಳದ ಕಡೆಯ ಒಬ್ಬ ಗಿರಾಕಿಯನ್ನು ಕರೆದುಕೊಂಡು ಬಂದ. ಮಾಂತೇಶ ಹೋದಮೇಲೆ ಆ ಮನೆಗೆ ತಾನೇ ಹಿರಿಯ ಅನ್ನುವುದು ಅವನ ಲೆಕ್ಕ. ಗಿರಾಕಿ ಟಾಯರಿಗೆ ಕಾಲಿನಿಂದ ಒದ್ದು ನೋಡುತ್ತಿದ್ದ. ಬನಶಂಕರಿ ಒಳಗಿನಿಂದ ಚಹಾ ತಂದು ಇಬ್ಬರಿಗೂ ಕೊಟ್ಟಳು.

'ಚಾ ಕುಡೀರಿ. ಗಾಡಿ ಮಾರೂದಿಲ್ಲ' ಅಂದಳು.

'ಇಟಗೊಂಡು ಏನ ಮಾಡ್ತಿ?' ಎಂದು ಗೋಪಣ್ಣ ಕೇಳಿದ.

'ಕಚ್ಛಕ್ಕ ಹೊಂಟೀನಿ.'

ಗೋಪಣ್ಣನಿಗೆ ತಿಳಿಯಲಿಲ್ಲ. 'ಎಲ್ಲೈತಿ ಅದು?'

'ಗುಜರಾತದ ತುದೀಗೆ ಐತ್ರಿ ಭಾವಾರ. ಗಾಡ್ಯಾಗ ಮಲಗೂದು, ಗಾಡ್ಯಾಗ ಅಡಗಿ. ಲಾಡ್ಜ್ ಇಲ್ಲ, ಬೀಗರ ಮನಿ ಇಲ್ಲ. ಎರಡು ತಿಂಗಳು.'

'ಅಲ್ಲಿ ಯಾರದಾರ ನಿನಗ?'

'ಯಾರೂ ಇಲ್ಲ. ಅದಕ್ಕ ಹೊಂಟೀನಿ. ಹದಿನೆಂಟು ವರ್ಷ ಹನ್ನೊಂದು ಕಿಲೋಮೀಟರ್ ರಸ್ತಾದಾಗ ಓಡ್ಯಾಡೀನಿ. ಆ ರಸ್ತಾದ ಮ್ಯಾಲ ನನಗ ಗುರುತಿಲ್ಲದ ನಾಯಿ ಇಲ್ಲ.'

ಗಿರಾಕಿ ಚಹಾದ ಬಟ್ಟಲು ಕೆಳಗಿಟ್ಟು ಮೆಲ್ಲಗೆ ಹೊರಟುಹೋದ.

ಕಚ್ಛದ ಮಾತು ಸಿಟ್ಟಿನಲ್ಲಿ ಹುಟ್ಟಿದ್ದಲ್ಲ. ಪಕ್ಕದ ಮನೆಯ ರಸೂಲಬಿಯ ತಮ್ಮ ಖಾಜಾಸಾಬ ಲಾರಿ ಡ್ರೈವರು. ಬ್ಯಾಡಗಿ ಮೆಣಸಿನಕಾಯಿ ಹೇರಿಕೊಂಡು ಗುಜರಾತಿನವರೆಗೆ ಹೋಗಿಬರುವವನು. ಬಂದಾಗಲೆಲ್ಲ ಅಲ್ಲಿಯ ಉಪ್ಪಿನ ಬಯಲಿನ ಮಾತು ತೆಗೆಯುತ್ತಿದ್ದ: ಗಿಡ ಇಲ್ಲ, ಗುಡ್ಡ ಇಲ್ಲ, ಎತ್ತ ನೋಡಿದರೂ ನೆಲ ಬೆಳ್ಳಗೆ. ಬನಶಂಕರಿ ಅದನ್ನು ವರ್ಷಗಟ್ಟಲೆ ಕೇಳಿ ಸುಮ್ಮನಿದ್ದವಳು. ಈಗ ಗದಗಿನ ಪುಸ್ತಕದ ಅಂಗಡಿಯಿಂದ ದೊಡ್ಡ ನಕಾಶೆ ತಂದು ಪಡಸಾಲೆಯ ಗೋಡೆಗೆ ಅಂಟಿಸಿದಳು.

ರಸೂಲಬಿ ಅರವತ್ತರ ಹೆಂಗಸು. ಹಳೆ ಸೀರೆ ಕೂಡಿಸಿ ಕೌದಿ ಹೊಲಿಯುವವಳು. ನಕಾಶೆಯನ್ನು ಬಹಳ ಹೊತ್ತು ನೋಡಿ ಕೇಳಿದಳು, 'ಗಾಡ್ಯಾಗ ಎಷ್ಟು ಮಂದಿಗೆ ಮಲಗಾಕ ಜಾಗ ಆಗತೈತಿ?'

'ಇಬ್ಬರಿಗೆ ಆಗತೈತಿ ಆಪಾ.'

'ಹಂಗಾದ್ರ ಎರಡು ಕೌದಿ ಹೊಲೀತೀನಿ.'

ಅಷ್ಟೇ. ಯಾರು ಯಾರನ್ನು ಕರೆದರು ಅಂತ ಇವತ್ತಿಗೂ ಇಬ್ಬರಿಗೂ ನೆನಪಿಲ್ಲ.

ಖಾಜಾಸಾಬನಿಗೆ ಮೊದಲು ಇದು ಹಿಡಿಸಲಿಲ್ಲ. 'ಅಕ್ಕಾರ, ಆ ಕಡೆ ನಮ್ಮ ಭಾಷಾ ಇಲ್ಲ, ನಮ್ಮ ಮಂದಿ ಇಲ್ಲ. ಒಬ್ಬ ಗಂಡಸನ್ನರ ಕರಕೊಂಡು ಹೋಗ್ರಿ' ಅಂದ.

'ಗಂಡಸು ಬಂದ್ರ ಅವಂಗ ಅಡಗಿ ಮಾಡಬೇಕು, ಅವನ ಸಿಟ್ಟು ನೋಡಬೇಕು. ನೀ ದಾರಿ ಹೇಳು, ಸಾಕು.'

ಅವನು ಹೇಳುತ್ತ ಹೋದ, ಆಕೆ ನಕಾಶೆಯ ಮೇಲೆ ಪೆನ್ಸಿಲ್ಲಿನಿಂದ ಗುರುತು ಹಾಕುತ್ತ ಹೋದಳು. ವಿಜಯಪುರ, ಸೋಲಾಪುರ, ಧುಳೆ, ಅಹಮದಾಬಾದ ಮುಟ್ಟದೆ ಹೊರಗಿನ ರಸ್ತೆ, ಆಮೇಲೆ ಭುಜ್. ಎಲ್ಲಿ ಘಾಟು ಕಡಿದಾಗಿದೆ, ಎಲ್ಲಿ ಡೀಸೆಲ್ ಬಂಕಿನಲ್ಲಿ ಸ್ನಾನಕ್ಕೆ ನೀರು ಸಿಗುತ್ತದೆ, ಎಲ್ಲಿ ಗುಡಿ ಅಥವಾ ದರ್ಗಾದ ಅಂಗಳದಲ್ಲಿ ಕೇಳಿದರೆ ಬೇಡ ಅನ್ನುವುದಿಲ್ಲ, ಎಲ್ಲ ಹೇಳಿದ. ಕೊನೆಗೆ ಅಂದ: 'ಲಾರಿ ಸಾಲಾಗಿ ನಿಂತಲ್ಲೆ ನೀವು ರಾತ್ರಿ ವಸ್ತಿ ಮಾಡಬ್ಯಾಡ್ರಿ. ಹೆಣ್ಮಕ್ಕಳು ನೀರಿಗೆ ಬರೂ ಜಾಗ ನೋಡಿ ನಿಲ್ರಿ. ಹೊತ್ತು ಮುಳುಗೂದ್ರಾಗ ಗಾಡಿ ಒಂದ ಕಡೆ ನಿಲ್ಲಿಸಿ ಬಿಡ್ರಿ.' ಅದೊಂದನ್ನು ಬನಶಂಕರಿ ದೊಡ್ಡ ಅಕ್ಷರದಲ್ಲಿ ಬರೆದು ಗಾಡಿಯೊಳಗೆ ಅಂಟಿಸಿದಳು.

ಹಳದಿ ಬೋರ್ಡು ತೆಗೆಸಿ ಸ್ವಂತ ಗಾಡಿ ಅಂತ ಕಾಗದ ಮಾಡಿಸಲು ತಿಂಗಳು ಹಿಡಿಯಿತು. ಹಳದಿ ಹೋಗಿ ಬಿಳಿ ಬಣ್ಣ ಬಂತು. ಸೀಟು ಬಿಚ್ಚಿದ ಜಾಗದಲ್ಲಿ ಮಂಚ ಬೇಕಿತ್ತು. ಹಿತ್ತಲ ಕೋಣೆಯಲ್ಲಿ ಮಾವನ ಕಾಲದ ಕುಣಿ ಮಗ್ಗದ ಸಾಗವಾನಿ ಚೌಕಟ್ಟು ಗೋಡೆಗೆ ಆನಿಸಿಟ್ಟಿತ್ತು. ಬನಶಂಕರಿ ಬಡಿಗೇರ ಸಿದ್ದರಾಮನನ್ನು ಕರೆಸಿ ಅದನ್ನು ಕೊಯ್ಯಿಸಿದಳು. ಬೇಕೆಂದಾಗ ಬಿಚ್ಚಿ ತೆಗೆಯುವಂಥ ಎರಡು ಮಂಚ, ಅವುಗಳ ಕೆಳಗೆ ನೀರಿನ ಕ್ಯಾನು, ಸಣ್ಣ ಸಿಲಿಂಡರು, ಹಿಂದಿನ ಮೂಲೆಗೆ ಪರದೆ ಕಟ್ಟಿ ಮುಚ್ಚಳದ ಬಕೆಟ್ಟು.

ಗರಗಸದ ಸದ್ದು ಕೇಳಿ ಗೋಪಣ್ಣ ಓಡಿಬಂದ. ಓಣಿಯ ಹತ್ತು ಮಂದಿ ಬಾಗಿಲಿಗೆ ನಿಂತರು.

'ಮಗ್ಗ ಕೊಯ್ಸೀಯಲ್ಲ, ಕೈ ಹೆಂಗ ಬಂತು ನಿನಗ? ನಮ್ಮಪ್ಪ ಕುಂತು ನೇಯ್ದ ಮಗ್ಗ ಅದು.'

'ನಾನೂ ಕುಂತು ನೇಯ್ದೀನ್ರಿ ಭಾವಾರ. ಹನ್ನೆರಡು ವರ್ಷ ಆ ಕುಣ್ಯಾಗ ಕಾಲು ಬಿಟಗೊಂಡು ಕುಂತೀನಿ. ಇಪ್ಪತ್ತು ವರ್ಷ ಇಲಿ ಕಡದಾಗ ಯಾರೂ ಬರಲಿಲ್ಲ. ಈಗ ಗರಗಸದ ಸಪ್ಪಳ ಅಷ್ಟು ಜಲ್ದಿ ಕೇಳಿಸ್ತೇನು?'

ಗೋಪಣ್ಣ ಬಗ್ಗಿ ಕೊಯ್ದ ಕಟ್ಟಿಗೆಯ ತುಂಡೊಂದನ್ನು ಎತ್ತಿಕೊಂಡ. ಅವನಿಗೆ ಖರೇ ನೋವಾಗಿತ್ತು, ಅದು ಅವಳಿಗೂ ಕಂಡಿತು. ಆದರೆ ಸಿದ್ದರಾಮ ಗರಗಸ ನಿಲ್ಲಿಸಿ ಅವಳ ಮುಖ ನೋಡಿದಾಗ 'ನೀ ಕೊಯ್ಯಪಾ' ಅಂದಳು.

ದೂರ ಹೋಗುವ ಮೊದಲು ಗಾಡಿಯನ್ನೂ ತಮ್ಮನ್ನೂ ಪರೀಕ್ಷಿಸಬೇಕಿತ್ತು. ಕಾರ್ತಿಕದಲ್ಲಿ ನಾಲ್ಕು ದಿನದ ತಿರುಗಾಟ ಹಾಕಿದರು. ಮೊದಲ ವಸ್ತಿ ಲಕ್ಷ್ಮೇಶ್ವರ. ಒಂದು ಗುಡಿಯ ಹೊರಗಿನ ಬಯಲಿನಲ್ಲಿ ಗಾಡಿ ನಿಲ್ಲಿಸಿದಾಗ ಕಾಯುವ ಮುದುಕ ಬಂದು 'ಗಂಡಸರು ಎಲ್ಲದಾರ?' ಅಂತ ಕೇಳಿದ. ರಸೂಲಬಿ ಹೆದರಿ 'ಒಳಗ ಮಲಗ್ಯಾರ' ಅಂದುಬಿಟ್ಟಳು.

'ಯಾರೂ ಮಲಗಿಲ್ಲ ಯಜ್ಜಾ. ನಾವಿಬ್ಬರ ಅದೀವಿ. ನಿಲ್ಲಬೇಕಂದ್ರ ನಿಲ್ಲತೀವಿ, ಹೋಗಂದ್ರ ಹೋಗತೀವಿ' ಎಂದಳು ಬನಶಂಕರಿ. ಮುದುಕ ಒಮ್ಮೆ ಗಾಡಿಯ ಸುತ್ತ ತಿರುಗಿ ಬಂದು, ನಲ್ಲಿ ಎಲ್ಲಿದೆ ಅಂತ ತೋರಿಸಿ ಹೋದ. ಅವನು ಹೋದಮೇಲೆ ಆಕೆ ರಸೂಲಬಿಗೆ ಹೇಳಿದಳು: 'ಇಲ್ಲದ ಗಂಡಸನ್ನ ಇಲ್ಲೇ ಗಾಡಿ ಹತ್ತಿಸಿದ್ರ ಕಚ್ಛದ ತನಕ ಅವನ್ನ ಹೊತಗೊಂಡು ತಿರಗಬೇಕಾಗತೈತಿ ಆಪಾ.'

ಮರುದಿನ ಮಾಗಡಿ ಕೆರೆಯ ದಂಡೆ. ಹೊರದೇಶದ ಹಕ್ಕಿಗಳು ಬಂದಿಳಿದಿದ್ದವು. ಅವುಗಳ ಕೂಗಾಟಕ್ಕೆ ನಿದ್ದೆ ಹತ್ತಲಿಲ್ಲ ಅಂತ ರಸೂಲಬಿ ಬೆಳಿಗ್ಗೆಯೆಲ್ಲ ಗೊಣಗಿದಳು. ಅಲ್ಲಿಂದ ಶಿರಹಟ್ಟಿಗೆ ಹೋಗಿ ಗಾಡಿಯ ಬೆಲ್ಟು ಬದಲಿಸಿಕೊಂಡು ಡಂಬಳದ ದಾರಿ ಹಿಡಿದರು.

ಡಂಬಳದ ಕೆರೆಯ ಹತ್ತಿರ ತಪ್ಪಾಯಿತು. ಹಿಂದಿನ ದಿನ ಅಲ್ಲಿ ಮಳೆ ಹೊಡೆದಿತ್ತು. ಕಪ್ಪು ಎರೆ ನೆಲ ಮೇಲೆ ಒಣಗಿದಂತೆ ಕಂಡಿತು, ಒಳಗೆ ಬೆಣ್ಣೆಯಂತಿತ್ತು. ಬನಶಂಕರಿ ರಸ್ತೆ ಬಿಟ್ಟು ಇಳಿಸಿದ ಗಾಡಿ ಅಚ್ಚಿನ ತನಕ ಹೂತಿತು. ಎರಡು ತಾಸು ಇಬ್ಬರೂ ಕಲ್ಲು ಇಟ್ಟರು, ಜಾಲಿ ಟೊಂಗೆ ಹಾಸಿದರು, ಆಗಲಿಲ್ಲ. ಕೊನೆಗೆ ಫಕೀರೇಶ ಅನ್ನುವ ಒಬ್ಬ ರೈತ ಟ್ರ್ಯಾಕ್ಟರ್ ತಂದು ಜಗ್ಗಿದ. ಒಳ್ಳೆಯ ಮನುಷ್ಯ, ಏನೂ ತೆಗೆದುಕೊಳ್ಳಲಿಲ್ಲ. ಆದರೆ ಜಗ್ಗುವಾಗ ಮೊಬೈಲಿನಲ್ಲಿ ವಿಡಿಯೋ ಹಿಡಿದು, 'ಮನಿ ಬಿಟ್ಟು ಗಾಡ್ಯಾಗ ಸಂಸಾರ ಹೂಡಿದ ಬೆಟಗೇರಿ ಅಜ್ಜಿಗಳು' ಅಂತ ಬರೆದು ವಾಟ್ಸಾಪಿಗೆ ಬಿಟ್ಟುಬಿಟ್ಟ.

ಅದು ಅವರಿಗಿಂತ ಮೊದಲು ಊರು ಮುಟ್ಟಿತು. ಮರುದಿನ ಬೆಳಿಗ್ಗೆ ಮುಂಡರಗಿಯಲ್ಲಿ ಗಾಡಿಯ ಬಾಗಿಲಲ್ಲಿ ಕೂತು ರೊಟ್ಟಿ ತಿನ್ನುತ್ತಿರುವಾಗ ಎದುರಿಗೆ ಜೀಪು ಬಂದು ನಿಂತಿತು. ದಾರಿಯುದ್ದಕ್ಕೂ ಗಾಡಿಯನ್ನು ಕೇಳುತ್ತ ಬಂದ ಗೋಪಣ್ಣ ಇಳಿದ. ಹಿಂದೆ ಬನಶಂಕರಿಯ ಮಗಳು ಅಂಕಿತಾ. ಆಕೆ ಗದಗಿನಲ್ಲೇ ಗಂಡನ ಮನೆಯಲ್ಲಿದ್ದಳು. ಕಣ್ಣು ಕೆಂಪಾಗಿದ್ದವು.

'ಇಡೀ ಊರು ನಗಾಕ ಹತ್ತೈತಿ. ಸಾಕು ಆಟ. ಜೀಪ್ ಹತ್ತು. ಗಾಡಿ ನಾ ಯಾರನ್ನರ ಕಳಿಸಿ ತರಸ್ತೀನಿ' ಎಂದು ಗೋಪಣ್ಣ ಕೀಲಿಗೆ ಕೈ ಚಾಚಿದ.

'ಅವ್ವಾ, ನಮ್ಮ ಅತ್ತಿ ನಿನ್ನೆಯಿಂದ ಒಂದ ಸವನ ಕೇಳಾಕತ್ತಾರ, ನಿಮ್ಮವ್ವಗ ಏನ ಕಡಿಮಿ ಆಗಿತ್ತು ಅಂತ' ಎಂದಳು ಅಂಕಿತಾ.

ಬನಶಂಕರಿ ಕೈತೊಳೆದು ಎದ್ದು ನಿಂತಳು. 'ಏನೂ ಕಡಿಮಿ ಆಗಿಲ್ಲ ಅನ್ನು. ಕಡಿಮಿ ಆದವ್ರಷ್ಟ ಮನಿ ದಾಟಬೇಕಂತ ಕಾನೂನು ಐತೇನು?' ಆಮೇಲೆ ಗೋಪಣ್ಣನ ಕಡೆ ತಿರುಗಿದಳು. 'ಭಾವಾರ, ಗಾಡಿ ಹೂತಿದ್ದು ಖರೆ. ಇನ್ನ ಎರಿ ಹೊಲಕ್ಕ ಗಾಡಿ ಇಳಸೂದಿಲ್ಲ, ಕಲತೆ. ನಗೂ ಮಂದಿ ನಾ ಗಾಡಿ ಕಲಿಯೂವಾಗ ನಕ್ಕವರ. ಅವ್ರ ಹಲ್ಲು ಎಣಿಸಿಗೋತ ನಾ ಎಷ್ಟು ವರ್ಷ ಕುಂಡ್ರಲಿ? ನಿಮಗ ಮರ್ಯಾದಿ ಕೊಡತೀನಿ. ನನ್ನ ಕೀಲಿ ಕೊಡೂದಿಲ್ಲ.'

ಗೋಪಣ್ಣ ಚಾಚಿದ ಕೈ ಹಿಂದೆ ತೆಗೆದ. ರಸೂಲಬಿ ನಡುವೆ ಬಂದು ಒಂದು ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಹಾಕಿ ಹಿಡಿದಳು. ಅವನು ಮುಟ್ಟಲಿಲ್ಲ. ಜೀಪು ಹತ್ತಿ ಹೊರಟುಹೋದ. ಅಂಕಿತಾ ಹೋಗಲಿಲ್ಲ. ಸ್ವಲ್ಪ ಹೊತ್ತು ರಸ್ತೆಯ ಮೇಲೆ ನಿಂತು, ಆಮೇಲೆ ತಾಯಿಯ ಪಕ್ಕದ ಸೀಟಿಗೆ ಬಂದು ಕೂತಳು. ಗದಗು ಹತ್ತಿರ ಬಂದಾಗ 'ದಿನಾ ಸಂಜಿಗೆ ಎಲ್ಲಿ ನಿಂತೀರಿ ಅಂತ ಫೋನಿನ್ಯಾಗ ಕಳಸ್ತೀಯೇನು?' ಅಂದಳು.

'ಕಳಸ್ತೀನಿ.'

'ನನಗಷ್ಟ ಕಳಸು. ನಮ್ಮ ಅತ್ತಿಗೆ ನಾ ಹೇಳೂದಿಲ್ಲ.'

'ಹೇಳು' ಅಂದಳು ಬನಶಂಕರಿ. 'ಮುಚ್ಚಿ ಇಡೂವಂಥಾದ್ದು ನಾ ಏನೂ ಮಾಡಾಕತ್ತಿಲ್ಲ.'

ಡಿಸೆಂಬರಿನ ಎರಡನೆಯ ವಾರ ಹೊರಡುವ ದಿನ ಗೊತ್ತಾಯಿತು. ನಸುಕಿನಲ್ಲಿ ಸದ್ದಿಲ್ಲದೆ ಹೊರಟರೆ ಯಾರ ಬಾಯಿಗೂ ಬೀಳುವುದಿಲ್ಲ ಅಂತ ಖಾಜಾಸಾಬ ಸೂಚಿಸಿದ. ಬನಶಂಕರಿ ಒಪ್ಪಲಿಲ್ಲ. 'ಕದ್ದು ಹೋಗೂವಂಥಾ ಕಳುವು ಏನ ಮಾಡೀನಿ? ಹತ್ತು ಗಂಟೆಕ್ಕ, ಓಣಿ ತುಂಬ ಮಂದಿ ಇರೂವಾಗ ಹೊಂಡತೀನಿ.' ಹಾಗೆಯೇ ಆಯಿತು. ನೂರೈವತ್ತು ಒಣಗಿಸಿದ ಕಟಕ ರೊಟ್ಟಿ, ಮೂರು ನಮೂನೆ ಚಟ್ನಿ, ಎರಡು ಹೊಸ ಕೌದಿ ಗಾಡಿ ಹತ್ತಿದವು. ಜನ ಕಟ್ಟೆಯ ಮೇಲೆ, ಮಾಳಿಗೆಯ ಮೇಲೆ ನಿಂತು ನೋಡಿದರು. ಒಬ್ಬಿಬ್ಬರು ಹೆಂಗಸರು ಅರಿಶಿನ ಕುಂಕುಮ ಗಾಡಿಗೆ ಹಚ್ಚಿದರು, ಒಬ್ಬಳು ಬಾಗಿಲು ಹಾಕಿಕೊಂಡಳು. ಗೋಪಣ್ಣನ ಮನೆಯ ಮುಂದೆ ಬಂದಾಗ ಬನಶಂಕರಿ ಗಾಡಿ ನಿಧಾನ ಮಾಡಿ, ಶಾಲೆಯ ಹೊತ್ತಿಗೆ ಹೊಡೆಯುತ್ತಿದ್ದಂತೆ ಎರಡು ಸಲ ಹಾರ್ನು ಹೊಡೆದು ಮುಂದೆ ಹೋದಳು.

ಅರವತ್ತೆಂಟು ದಿನ ತಿರುಗಿದರು. ಎಲ್ಲವೂ ಸುಲಭವಾಗಲಿಲ್ಲ. ಧುಳೆಯ ಆಚೆ ಒಂದು ಊರಿನವರು ನಿಲ್ಲಗೊಡಲಿಲ್ಲ. ರಸೂಲಬಿಗೆ ಜ್ವರ ಬಂದು ಐದು ದಿನ ಒಂದು ಬಂಕಿನ ಹಿಂದೆ ಬಿದ್ದುಕೊಂಡರು. ಭುಜ್ ದಾಟಿದಮೇಲೆ ಬಯಲಿನಲ್ಲಿ ಟಾಯರ್ ಒಡೆಯಿತು. ಬೈಕಿನವರು ಏಳೆಂಟು ಗಂಡಸರು ಸುತ್ತಲೂ ನಿಂತು ಏನೋ ಕೇಳಿದರು, ಒಬ್ಬ ಅವಳ ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕಸಿದುಕೊಳ್ಳಲು ಕೈ ಚಾಚಿದ. ಬನಶಂಕರಿ ಕೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ನಟ್ಟಿನ ಮೇಲೆ ಪಾನಾ ಇಟ್ಟು, ಅದರ ಮೇಲೆ ಹತ್ತಿ ನಿಂತು ಬಿಚ್ಚಿದಳು. ಅವರು ಕೊನೆಯ ತನಕ ನಿಂತು ನೋಡಿದರು. ಹೊರಡುವಾಗ ಕೈ ಚಾಚಿದವನೇ ಕ್ಯಾನಿಗೆ ನೀರು ತುಂಬಿಸಿ ಕೊಟ್ಟ.

ಉಪ್ಪಿನ ಬಯಲನ್ನು ಅವರು ಬೆಳಿಗ್ಗೆ ನೋಡಿದರು. ಚಪ್ಪಲಿ ಕೈಯಲ್ಲಿ ಹಿಡಿದು ಇಬ್ಬರೂ ಬಹಳ ದೂರ ನಡೆದರು. ರಸೂಲಬಿ ಒಂದು ಚೂರು ನಾಲಿಗೆಗೆ ಹಚ್ಚಿ ನೋಡಿ 'ಖಾಜಾ ಸುಳ್ಳು ಹೇಳಿದ್ದಿಲ್ಲ' ಅಂದಳು. ಅಲ್ಲಿಯ ತನಕ ಅಳದ ಬನಶಂಕರಿ ಅಲ್ಲಿ ಅತ್ತಳು, ಯಾಕೆ ಅಂತ ಅವಳಿಗೂ ಹೇಳಲು ಬರಲಿಲ್ಲ.

ತಿರುಗಿ ಬಂದ ದಿನ ಓಣಿ ಮೊದಲಿನಂತೆಯೇ ಇತ್ತು. ಅಂಕಿತಾ ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು. ಆ ಹೆಂಗಸು ಗಾಡಿಯೊಳಗೆ ಹತ್ತಿ, ಮಂಚ ಮುಟ್ಟಿ, ಪರದೆ ಸರಿಸಿ ನೋಡಿ, 'ಬಚ್ಚಲಾ ಸಣ್ಣದಾತು' ಎಂದಳು. ಗೋಪಣ್ಣ ಮಾತ್ರ ಇವತ್ತಿನವರೆಗೆ ಅವಳನ್ನು ಮಾತಾಡಿಸಿಲ್ಲ. ಮದುವೆಮನೆಯಲ್ಲಿ ಎದುರಾದರೆ ಮುಖ ತಿರುಗಿಸುತ್ತಾನೆ. ಓಣಿಯ ಹಿರಿಯರು ಎರಡು ಸಲ ಬಂದು, ಒಂದು ಸಲ ತಪ್ಪಾತು ಅಂದುಬಿಡು, ಮುಗೀತೈತಿ ಅಂತ ಹೇಳಿ ನೋಡಿದರು.

ಬನಶಂಕರಿ ಅವರಿಗೂ ಚಹಾ ಕೊಟ್ಟಳು. 'ಭಾವಾರು ಯಾವಾಗ ಬಂದ್ರೂ ಕುಂಡ್ರಾಕ ಮಣಿ ಹಾಕತೀನಿ, ಊಟಕ್ಕ ಬಡಸ್ತೀನಿ' ಅಂದಳು. 'ತಪ್ಪು ಮಾತ್ರ ಆಗಿಲ್ಲ.'