ಎಮ್ಮೆಗೆ ಗೊತ್ತಿದ್ದ ವಾಸನೆ

ಹಚ್ಚಿಕೊಂಡರೆ ಎಂಥವರೂ ಹತ್ತಿರ ಬರುವ ಸೆಂಟಂತೆ, ಒಳಗೆ ಫೆರೋಮೋನ್ ಇದೆಯಂತೆ! ಮೊಬೈಲಿನಲ್ಲಿ ಈ ಜಾಹೀರಾತು ಬಂದಾಗಲೆಲ್ಲ ನನಗೆ ಮೈ ಉರಿಯುತ್ತದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಓದುವ ತಂಗಿಯ ಮಗಳು ಒಮ್ಮೆ ಬಿಡಿಸಿ ಹೇಳಿದ್ದಳು. ಒಂದು ಪ್ರಾಣಿಯ ಮೈಯಿಂದ ಹೊರಟು ಅದೇ ಜಾತಿಯ ಇನ್ನೊಂದರ ನಡತೆಯನ್ನೇ ಬದಲಿಸುವ ವಸ್ತು ಅದು. ಬೆದೆಗೆ ಬಂದ ಎಮ್ಮೆಯನ್ನು ಕೋಣ ಮೂಸಿ ತಿಳಿಯುತ್ತದಲ್ಲ, ಹಾಗೆ. ಮನುಷ್ಯರಲ್ಲಿ ಅದು ಕೆಲಸ ಮಾಡುತ್ತದೆಂದು ಯಾರೂ ಖಚಿತವಾಗಿ ತೋರಿಸಿಲ್ಲವಂತೆ. ನಮ್ಮ ಮನೆಯವರ ಮೂಗನ್ನು ನೋಡಿದ್ದರೆ ಆ ವಿಜ್ಞಾನಿಗಳು ಹುಡುಕುವುದನ್ನೇ ಬಿಡುತ್ತಿದ್ದರು.

ಹೊಸಬಾಳೆಯ ನಮ್ಮ ಮನೆಯಲ್ಲಿ ಎಮ್ಮೆಯ ಹಾಲು ಕರೆಯುವವಳು ನಾನೊಬ್ಬಳೇ. ಎರಡು ವರ್ಷದ ಹಿಂದೆ ನನ್ನ ಗರ್ಭಕೋಶ ತೆಗೆಸಬೇಕಾಯಿತು. ಮೂರು ತಿಂಗಳು ಭಾರ ಎತ್ತಬಾರದು, ಕುಕ್ಕರಗಾಲಿನಲ್ಲಿ ಕೂರಬಾರದು ಎಂದು ಡಾಕ್ಟರು ಕಟ್ಟುನಿಟ್ಟಾಗಿ ಹೇಳಿದ್ದರಿಂದ ತಂಗಿ ಶಿಕಾರಿಪುರದ ತನ್ನ ಮನೆಗೆ ಕರೆದುಕೊಂಡು ಹೋದಳು. ಮದುವೆಯಾದ ಮೇಲೆ ನಾನು ಹಗಲು ಹೊತ್ತು ನಿಶ್ಚಿಂತೆಯಿಂದ ಮಲಗಿದ್ದು ಅದೇ ಮೊದಲು.

ಇಪ್ಪತ್ತನೇ ದಿನ ಮನೆಯವರು ಬಂದರು. ಚಪ್ಪಲಿ ಬಿಡುವ ಮೊದಲೇ ಶುರು.

“ಎಮ್ಮೆ ಸರಿಯಾಗಿ ಹಾಲು ಇಳಿಸ್ತಾ ಇಲ್ಲ ಮಾರಾಯ್ತಿ. ಹತ್ರ ಹೋದ್ರೆ ಒದಿತದೆ. ನಿನ್ನ ಸೀರೆ ಸುತ್ಕಂಡು ಹೋದೆ, ಅದಕ್ಕೂ ಬಗ್ಲಿಲ್ಲ.”

ಇದರಲ್ಲಿ ನಗುವಂಥದ್ದೇನಿಲ್ಲ. ಕರೆಯುವ ಹೆಂಗಸು ಊರಲ್ಲಿಲ್ಲದಾಗ ಗಂಡಸರು ಅವಳ ಸೀರೆ ಸುತ್ತಿಕೊಂಡು ಕರೆಯುವುದುಂಟು. ಆದರೆ ಆಸ್ಪತ್ರೆಯ ಬಟ್ಟೆ ಒಗೆಯುವಾಗ ಅತ್ತೆ, ಕೊಟ್ಟಿಗೆಯ ಗೂಟದಲ್ಲಿದ್ದ ನನ್ನ ಸೀರೆಯನ್ನೂ ಸೋಪಿನ ಪುಡಿಯಲ್ಲಿ ನೆನೆಸಿ, ಒಗೆದು, ಮಡಚಿಟ್ಟಿದ್ದರು. ಎಮ್ಮೆ ನೋಡುವುದು ಸೀರೆಯ ಬಣ್ಣವನ್ನೇ?

“ಒಂದ್ ವಾರ ಬಂದು ಹೋಗು. ಕೂತ್ಕಂಡು ಕರೆಯದು ತಾನೆ, ಭಾರ ಎಂತ ಇಲ್ವಲ್ಲ.”

ಹೊಲಿಗೆ ಮಾಗಿತಾ ಎಂದು ಕೇಳಲಿಲ್ಲ. ಊಟ ಸೇರುತ್ತದಾ ಎಂದೂ ಕೇಳಲಿಲ್ಲ. ಒಂದು ವಾರವೆಂದು ಹೋದರೆ ಮತ್ತೆ ಹೊರಡಲು ಯಾರೂ ಬಿಡುವುದಿಲ್ಲ ಎಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ನಾನು ಬಾಯಿ ತೆರೆಯುವ ಮೊದಲೇ ತಂಗಿಗೆ ಸಿಟ್ಟು ನೆತ್ತಿಗೇರಿತು.

“ಅಕ್ಕ ಬರಂಗಿಲ್ಲ ಭಾವಾ. ಆಕಿ ಉಟ್ಟು ಬಿಟ್ಟ ಸೀರೆ ಬಚ್ಚಲದಾಗೆ ಹಗ್ಗದ ಮ್ಯಾಲೆ ಐತಿ. ಅದನ್ನ ತಗಂಡು ಹೋಗ್ರಿ.”

ಹಗ್ಗದ ಮೇಲೆ ಒಗೆಯದ ಸೀರೆ ಎರಡಿದ್ದವು, ನನ್ನದೊಂದು, ತಂಗಿಯದೊಂದು. ಮನೆಯವರು ಒಂದನ್ನು ಮೂಸಿದರು. ಇನ್ನೊಂದನ್ನು ಮೂಸಿದರು. ಆಮೇಲೆ ಎಲ್ಲ ತಿಳಿದವರಂತೆ ತಂಗಿಯ ಸೀರೆಯನ್ನು ಸುತ್ತಿ ಚೀಲಕ್ಕೆ ತುರುಕಿದರು.

“ರೀ, ಅದು ನಂದಲ್ಲ.”

“ಎರಡೂ ಒಂದೇ ಥರ ಇತ್ತಪ್ಪ,” ಎಂದು ನಕ್ಕರು. ನನಗೆ ಅಳುವಷ್ಟು ಸಿಟ್ಟು ಬಂತು. ನನ್ನದನ್ನು ಎಳೆದು ಕೈಗೆ ಕೊಟ್ಟೆ.

ಸಂಜೆಯೇ ಫೋನು ಬಂತು. ಸೀರೆ ಮೂಸಿದ ಎಮ್ಮೆ ಸುಮ್ಮನೆ ನಿಂತು ಹಾಲು ಕೊಟ್ಟಿತಂತೆ. ಅದು ಫೆರೋಮೋನ್ ಅಲ್ಲ, ಬರೀ ವಾಸನೆಯ ಪರಿಚಯ ಎನ್ನುತ್ತಾಳೆ ತಂಗಿಯ ಮಗಳು. ಇರಲಿ. ಇಪ್ಪತ್ತನಾಲ್ಕು ವರ್ಷ ಒಂದೇ ಚಾಪೆಯಲ್ಲಿ ಮಲಗಿದವರಿಗೆ ಆ ಪರಿಚಯವೂ ಆಗಿರಲಿಲ್ಲ.

ನಾನು ಮೂರು ತಿಂಗಳು ಪೂರ್ತಿ ಅಲ್ಲೇ ಇದ್ದೆ. ವಾರಕ್ಕೊಮ್ಮೆ ಸೀರೆಗಾಗಿ ಬಸ್ಸು ಹತ್ತಿ ಬರುತ್ತಿದ್ದರು. ಪ್ರತಿ ಸಲವೂ ಚೀಲಕ್ಕೆ ಹಾಕುವ ಮೊದಲು ನನ್ನ ಮುಖ ನೋಡಿ ಕೇಳುತ್ತಿದ್ದರು, “ಇದು ನಿಂದೇ ತಾನೆ?”