ಯುದ್ಧದ ಊರಿಗೆ ನಗಿಸಲು ಹೋದದ್ದು

ಗುರುವಾರ ಮಧ್ಯಾಹ್ನ ಮೂರಕ್ಕೆ ಗಲ್ಫಿನ ರುಸೈಲಿನಲ್ಲಿರುವ ನಮ್ಮ ಫ್ಯಾಕ್ಟರಿ ಗೇಟಿನಿಂದ ಹೊರಟೆ. ಬ್ಯಾಗಿನಲ್ಲಿ ಎರಡು ಶರ್ಟು, ಗಂಟಲಿನಲ್ಲಿ ಸುಮಾರು ನಲವತ್ತು ಜನ. ಕರಾವಳಿಯ ಒಂದು ಬಂದರಿನ ಊರಿನ ಕನ್ನಡದವರು ನನ್ನನ್ನು ಮಿಮಿಕ್ರಿ ಮಾಡಲು ಕರೆದಿದ್ದರು. ಊರಿನ ಹೆಸರು ಬೇಡ; ಅಲ್ಲಿ ಒಬ್ಬನಿಗೆ ನಾನು ಮಾಡಿ ಬಂದ ಉಪಕಾರವೇ ಸಾಕಷ್ಟಿದೆ.

ಬರ್ಕಾದಲ್ಲಿ ತರಕಾರಿ ವ್ಯಾಪಾರ ಮಾಡುವ ಉಳ್ಳಾಲದ ಹಂಝಾಕ ಅದೇ ಊರಿಗೆ ಈರುಳ್ಳಿ ಸಾಗಿಸುತ್ತಿದ್ದರು. ಅವರ ಪಿಕಪ್ ಹತ್ತಿದೆ. ಹೊರಗೆ ನಲವತ್ತೆರಡು ಡಿಗ್ರಿ, ಒಳಗೆ ಏಸಿ ಇದ್ದೂ ಇಲ್ಲದ ಹಾಗೆ. "ಯುದ್ಧ ಆಚೆ ದಡದಲ್ಲಿ ಮಾರಾಯ, ಈರುಳ್ಳಿಯ ರೇಟು ಮಾತ್ರ ಈಚೆ ದಡದಲ್ಲಿ ಏರುವುದು!" ಎಂದರು. ಅದನ್ನೇ ಅವರ ಧ್ವನಿಯಲ್ಲಿ, ಅವರ ಕೆಮ್ಮನ್ನೂ ಸೇರಿಸಿ ತಿರುಗಿ ಹೇಳಿದೆ. "ಖಲಾಸ್! ನನ್ನನ್ನು ನನಗೇ ಮಾರ್ತೀಯಾ ಕಳ್ಳ?" ಎಂದು ನಕ್ಕರು. ಯುದ್ಧದ ದೆಸೆಯಿಂದ ಫೋನಿನ ಮ್ಯಾಪಿಗೂ ತಲೆ ಕೆಟ್ಟಿತ್ತು. ಅದರ ಪ್ರಕಾರ ನಾವು ಈರುಳ್ಳಿ ಸಮೇತ ನಡುಗಡಲಿನಲ್ಲಿ ತೊಂಬತ್ತರ ವೇಗದಲ್ಲಿ ಓಡುತ್ತಿದ್ದೆವು.

ನಾನು ಉಳಿದದ್ದು ನವೀನಣ್ಣನ ರೂಮಿನಲ್ಲಿ. ಉಡುಪಿ ಕಡೆಯವನು, ಬಂದರಿನಲ್ಲಿ ಕ್ರೇನ್ ಆಪರೇಟರ್. ಅಂಜಲ್ ಮೀನಿನ ಸಾರು, ಕುಚ್ಚಲಕ್ಕಿ ಅನ್ನ ಮಾಡಿ ಕಾದಿದ್ದ. ನಾನು ಉಣ್ಣುತ್ತಿದ್ದಾಗ ಅವನ ಹೆಂಡತಿಯ ಫೋನು ಬಂತು. ಸುಮನಾ ಏಳು ತಿಂಗಳ ಗರ್ಭಿಣಿ, ಹಾಸನದ ತವರಿನಲ್ಲಿದ್ದಳು.

"ನಾನು ಬರ್ಕಾ ಆಫೀಸಿಗೆ ಬಂದು ತಿಂಗಳಾಯ್ತಲ್ಲ ಮಾರಾಯ್ತಿ. ಇಲ್ಲಿಂದ ಕಡಲೇ ಕಾಣುವುದಿಲ್ಲ. ಏಸಿ ಜಾಸ್ತಿ, ಚಳಿ ಒಂದೇ ತೊಂದರೆ" ಎಂದ.

ಫೋನಿಟ್ಟ ಮೇಲೆ ನಿಜ ಹೇಳಿದ. ಹಿಂದಿನ ವಾರ ಆಕಾಶದಲ್ಲಿ ಏನನ್ನೋ ಹೊಡೆದುರುಳಿಸಿದ್ದರು. ಅದರ ಒಂದು ತುಂಡು ಕಂಟೇನರ್‌ಗಳ ನಡುವೆ ಬಿದ್ದಿತ್ತು. ಇವನು ಹತ್ತು ಮಹಡಿ ಎತ್ತರದ ಕ್ರೇನ್ ಕ್ಯಾಬಿನ್ನಿನಲ್ಲಿದ್ದ. "ಇಳೀಲಿಕ್ಕೆ ಕಾಲೇ ಬರಲಿಲ್ಲ. ಅವಳಿಗೆ ಬಿಪಿ ಉಂಟು ಮಾರಾಯ, ಹೆರಿಗೆ ಆಗುವವರೆಗೆ ಗೊತ್ತಾಗಬಾರದು" ಎಂದ. ಅವನು ಇದನ್ನು ಹೇಳುವಾಗ ನಾನು ಅವನ ಕಣ್ಣು ನೋಡಬೇಕಿತ್ತು. ಗಂಟಲು ನೋಡುತ್ತಿದ್ದೆ. ಫೋನಿನಲ್ಲಿ 'ಮಾರಾಯ್ತಿ' ಎನ್ನುವಾಗ ಮೂಗಿನಿಂದ ಒಂದು ಎಳೆತ ಬಂದಿತ್ತು. ಅದನ್ನು ಕಲಿತುಕೊಂಡೆ.

ಶುಕ್ರವಾರದ ಕಾರ್ಯಕ್ರಮವನ್ನು ಕತ್ತಲಾಗುವುದರೊಳಗೆ ಎಲ್ಲರೂ ಮನೆ ಸೇರಲಿ ಎಂದು ನಾಲ್ಕು ಗಂಟೆಗೇ ಇಟ್ಟಿದ್ದರು. ಒಂದು ಹೋಟೆಲಿನ ಮೇಲಿನ ಹಾಲ್, ಎಂಬತ್ತು ಕುರ್ಚಿ, ಎಲ್ಲ ಭರ್ತಿ. ವಿಮಾನಗಳಿಲ್ಲದೆ ಊರಿನ ಮಲ್ಲಿಗೆ ಬಂದಿರಲಿಲ್ಲ. ಹೆಂಗಸರೆಲ್ಲ ಪ್ಲಾಸ್ಟಿಕ್ ಮಲ್ಲಿಗೆ ಮುಡಿದು, ಅದಕ್ಕೆ ಸೆಂಟು ಹೊಡೆದುಕೊಂಡಿದ್ದರು. ದೂರದಲ್ಲೆಲ್ಲೋ ಧಡ್ ಎಂದಾಗ ತಂಬೋಲಾ ಚೀಟಿ ಹಿಡಿದ ಕೈಗಳೆಲ್ಲ ಒಂದು ಕ್ಷಣ ನಿಂತವು. "ಇಟ್ಸ್ ಓನ್ಲಿ ಎ ಟ್ರಕ್, ಅಮ್ಮಾ" ಎಂದಳು ಒಬ್ಬ ಪುಟ್ಟ ಹುಡುಗಿ, ಅಮ್ಮನನ್ನು ಸಮಾಧಾನ ಮಾಡುವಂತೆ. ಕಾರ್ಯಕ್ರಮ ನಡೆಸುತ್ತಿದ್ದ ಮೈಸೂರಿನ ಶೈಲಜಾ ಮೇಡಂ ನನ್ನ ಭುಜ ತಟ್ಟಿದರು. "ಟಿವಿ ನೋಡಿ ನೋಡಿ ಎಲ್ರಿಗೂ ಹುಚ್ಚು ಹಿಡಿದಿದೆ ಕಣೋ. ನಗಿಸು, ಅಷ್ಟು ಸಾಕು."

ನಗಿಸಿದೆ. ಫ್ಯಾಕ್ಟರಿಯ ಸೂಪರ್‌ವೈಸರ್, ಹಂಝಾಕನ ಕೆಮ್ಮು, ಸಂಬಳ ಕೇಳುವಾಗ ಇಲಿಮರಿಯಂತಾಗುವ ನನ್ನದೇ ಧ್ವನಿ. ಮುಂದಿನ ಸಾಲಿನ ಖಾಲಿ ಕುರ್ಚಿಯ ಮೇಲೆ ನೀರಿನ ಬಾಟಲಿಗೆ ಒರಗಿಸಿದ ಫೋನೊಂದಿತ್ತು. ಯಾರೋ ವೀಡಿಯೋ ಮಾಡುತ್ತಿದ್ದಾರೆಂದು ಉಬ್ಬಿ, ಅದಕ್ಕೇ ಮುಖ ಕೊಟ್ಟು ನಿಂತೆ. ಆಮೇಲೆ, ಗಲ್ಫಿನವರು ಊರಿಗೆ ಫೋನು ಮಾಡಿ 'ಇಲ್ಲೇನೂ ಇಲ್ಲ' ಎನ್ನುವ ಬಗೆಗಳನ್ನು ತೋರಿಸಿದೆ. ಸಿಕ್ಕಿಬಿದ್ದವರೆಲ್ಲ ಒಬ್ಬರನ್ನೊಬ್ಬರು ತಿವಿದುಕೊಂಡು ನಕ್ಕರು. ಆ ನಗು ತಲೆಗೇರಿತು.

"ಈಗ ನಮ್ಮ ನವೀನಣ್ಣ!" ಎಂದೆ. ಮೂಗಿನ ಎಳೆತ ಹಾಕಿ, "ಬರ್ಕಾ ಆಫೀಸಿನಲ್ಲಿದ್ದೇನೆ ಮಾರಾಯ್ತಿ, ಕಡಲೇ ಕಾಣುವುದಿಲ್ಲ" ಎಂದೆ. ಹಿನ್ನೆಲೆಗೆ ಕ್ರೇನಿನ ಪೀಂಪೀಂ, ಧಡಾರ್ ಎಂದು ಬೀಳುವ ತುಂಡು, ಏಣಿ ಇಳಿಯಲಾಗದೆ ನಡುಗುವ ಕಾಲು. ಹಾಲ್ ಬಿದ್ದು ಬಿದ್ದು ನಕ್ಕಿತು. ಕೆಳಗಿನಿಂದ ಬಿರಿಯಾನಿಯ ಪಾತ್ರೆ ಹೊತ್ತು ತರುತ್ತಿದ್ದ ನವೀನಣ್ಣ ಬಾಗಿಲಲ್ಲೇ ನಿಂತುಬಿಟ್ಟ.

ನಗು ತುಸು ಇಳಿದಾಗ ಕುರ್ಚಿಯ ಮೇಲಿನ ಫೋನಿನಿಂದ ಒಂದು ಹೆಣ್ಣುದನಿ ಬಂತು.

"ರೀ... ಯಾವ ಕ್ರೇನು?"

ಅದು ನವೀನಣ್ಣನ ಫೋನು. ಹೆಂಡತಿಯೂ ಒಂದಿಷ್ಟು ನಗಲಿ ಎಂದು ವೀಡಿಯೋ ಕಾಲ್ ಹಚ್ಚಿ ಇಟ್ಟಿದ್ದ. ಪಾತ್ರೆ ಇಳಿಸಿ ಓಡಿ ಬಂದ. ಅಷ್ಟರಲ್ಲಿ ಕಾಲ್ ಕಟ್ ಆಗಿತ್ತು. ಆಮೇಲೆ ಎಷ್ಟು ಸಲ ಮಾಡಿದರೂ ಅವಳು ಎತ್ತಲಿಲ್ಲ.

"ಅಣ್ಣಾ, ಗೊತ್ತಿರಲಿಲ್ಲ..." ಎಂದೆ. ಯಾರ ಧ್ವನಿಯೂ ನೆರವಿಗೆ ಬರಲಿಲ್ಲ.

"ನೀನು ಸುಳ್ಳು ಹೇಳಲಿಲ್ಲವಲ್ಲ. ಸುಳ್ಳು ನಂದು. ಊಟ ಮಾಡು ಹೋಗು" ಎಂದ. ಬೈದಿದ್ದರೆ ಬಿರಿಯಾನಿ ಗಂಟಲಲ್ಲಿ ಇಳಿಯುತ್ತಿತ್ತೇನೋ.

ಶನಿವಾರ ಬೆಳಿಗ್ಗೆ ಅವನೇ ಬಸ್ ಸ್ಟಾಪಿಗೆ ಬಿಟ್ಟ. ಎರಡೂವರೆ ರಿಯಾಲಿನ ಟಿಕೆಟನ್ನೂ ಅವನೇ ತೆಗೆಸಿದ. ಬಸ್ಸಿಗೆ ಕಾಯುತ್ತಿದ್ದಾಗ ಅವನ ಫೋನು ಹೊಡೆದುಕೊಂಡಿತು. ಹೆಸರು ನೋಡಿ ಎರಡು ಕೈಯಲ್ಲೂ ಹಿಡಿದುಕೊಂಡ.

"ಬಿಪಿ ನೋಡಿಸಿದೆಯಾ? ಎಷ್ಟುಂಟು?... ಹೌದು. ಬರ್ಕಾದಲ್ಲಿ ಇಲ್ಲ. ಇಲ್ಲೇ ಇದ್ದೇನೆ." ಮೂಗಿನ ಎಳೆತ ಇರಲಿಲ್ಲ. ನಾನು ಎಂದೂ ಕೇಳಿರದ ಧ್ವನಿ. ಅದನ್ನು ಕಲಿಯಲು ಹೋಗಲಿಲ್ಲ. "ಹೌದು, ಅದು ಬೀಳುವಾಗ ನಾನು ಮೇಲೆ ಇದ್ದೆ."

ಆಮೇಲೆ, "ಕ್ರೇನಿನಿಂದ ಎಷ್ಟು ದೂರ ಬಿತ್ತು ಅಂತಲಾ?" ಎಂದು ತಲೆಯೆತ್ತಿ ಸುತ್ತ ನೋಡಿದ. "ನಾನೀಗ ಬಸ್ ಸ್ಟಾಪಿನಲ್ಲಿದ್ದೇನೆ. ರಸ್ತೆಯ ಆಚೆ ಒಂದು ಚಾ ಅಂಗಡಿ ಉಂಟು. ಅಷ್ಟು ದೂರ."

ಬಸ್ಸು ಬಂತು, ಹತ್ತಿದೆ. ಕೈಯೆತ್ತಿದ್ದನ್ನು ಅವನು ನೋಡಲಿಲ್ಲ. ಫೋನು ಕಿವಿಗೊತ್ತಿಕೊಂಡು ಚಾ ಅಂಗಡಿಯನ್ನೇ ನೋಡುತ್ತಿದ್ದ. ಕಿಟಕಿಯಿಂದ ನಾನೂ ನೋಡಿದೆ. ಅಂಗಡಿಯಲ್ಲಿ ಲೋಟ ತೆಗೆದುಕೊಂಡ ಒಬ್ಬ ಡ್ರೈವರ್ ರಸ್ತೆ ದಾಟಿ ನವೀನಣ್ಣನ ಪಕ್ಕಕ್ಕೆ ಬಂದು ನಿಂತ, ಆಮೇಲೆ ಚಹಾಕ್ಕೆ ಉಫ್ ಎಂದು ಊದಿದ. ಇಪ್ಪತ್ತು ಹೆಜ್ಜೆಯೂ ಆಗಿರಲಿಲ್ಲ.